ಮೆಲುದನಿಗೆ ಜಾಗ ಬಿಟ್ಟ ಆಲ್ಬಮ್‌ಗಳು

ಬೆಂಗಳೂರಿನ ಯಾವುದೇ ಹೈಫೈ ಅಂಗಡಿಗೆ ಹೋಗಿ ಸ್ಪೀಕರ್ ತೋರಿಸಿ ಎಂದು ಕೇಳಿ. ಸ್ವಲ್ಪ ಹೊತ್ತಿನಲ್ಲೇ ಒಂದು ಹಾಡು ಕಿವಿಗೆ ಬೀಳುವ ಸಂಭವ ಬಹಳ ಹೆಚ್ಚು: ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’. 1976ರ ಮೂಲ ಹಾಡನ್ನು ಅಂಗಡಿಯವರು ಹಾಕುವುದಿಲ್ಲ. ಅವರು ಆರಿಸಿಕೊಳ್ಳುವುದು 1994ರ ‘ಹೆಲ್ ಫ್ರೀಜಸ್ ಓವರ್’ ಆಲ್ಬಮ್ಮಿನ ಲೈವ್ ಹಾಡನ್ನು. ಮೊದಲು ನೈಲಾನ್ ತಂತಿಯ ಗಿಟಾರ್ ಒಂಟಿಯಾಗಿ ನುಡಿಯುತ್ತದೆ. ತಂತಿಯ ಮೇಲೆ ಬೆರಳು ಸರಿದಾಡುವುದೂ ಕೇಳಿಸುತ್ತದೆ. ಮೆಲ್ಲಗೆ ತಾಳವಾದ್ಯಗಳು ಸೇರಿಕೊಳ್ಳುತ್ತವೆ. ಆಮೇಲೆ ಎಲ್ಲೋ ಆಳದಿಂದ ದೊಡ್ಡ ಡ್ರಮ್ಮಿನ ಏಟೊಂದು ಬಂದು ಎದೆಗೂಡಿಗೆ ತಾಗುತ್ತದೆ. ಯಾವ ಹಾಡೆಂದು ಗುರುತು ಹತ್ತಿದ ಸಭಿಕರು ಹೋ ಎಂದು ಚಪ್ಪಾಳೆ ತಟ್ಟುತ್ತಾರೆ. ಅಂಗಡಿಯಲ್ಲಿ ಕೂತವರ ಮುಖವೂ ಅರಳುತ್ತದೆ.

ಆ ಏಟು ಅಷ್ಟು ದೊಡ್ಡದಾಗಿ ಕೇಳಿಸಿದ್ದು ಹೇಗೆ? ಸ್ಪೀಕರಿನ ಶಕ್ತಿ ಎಂದು ನಾವು ಅಂದುಕೊಳ್ಳುತ್ತೇವೆ. ಮುಖ್ಯ ಕಾರಣ ಬೇರೆ. ಅದಕ್ಕೆ ಮುಂಚೆ ಗಿಟಾರ್ ಮೆಲ್ಲಗೆ ನುಡಿದಿತ್ತು, ಧ್ವನಿಮುದ್ರಣ ಮಾಡಿದವರು ಆ ಮೆಲುದನಿಯನ್ನು ಮೆಲ್ಲಗೇ ಇರಲು ಬಿಟ್ಟಿದ್ದರು. ಗಿಟಾರಿನ ಸದ್ದನ್ನೂ ಡ್ರಮ್ಮಿನ ಮಟ್ಟಕ್ಕೆ ಎತ್ತಿದ್ದರೆ ಏಟು ಬಿದ್ದದ್ದೇ ಗೊತ್ತಾಗುತ್ತಿರಲಿಲ್ಲ. ಸದ್ದಿನ ಗುಣಮಟ್ಟಕ್ಕೆ ಹೆಸರಾದ ರಾಕ್ ಆಲ್ಬಮ್‌ಗಳನ್ನು ಹಲವು ವರ್ಷ ಕೇಳಿದ ಮೇಲೆ ನನಗೆ ಮನದಟ್ಟಾದ ವಿಷಯ ಇದು: ರಾಕ್ ಎಂದರೆ ಅಬ್ಬರ ಎಂಬ ಮಾತಿದ್ದರೂ, ಅದರ ಅತ್ಯುತ್ತಮ ಧ್ವನಿಮುದ್ರಣಗಳೆಲ್ಲ ಮೆಲುದನಿಗೆ ಜಾಗ ಬಿಟ್ಟವು. ಆ ಜಾಗ ಮುದ್ರಣದಲ್ಲೇ ಇಲ್ಲದಿದ್ದರೆ ಎಷ್ಟು ಲಕ್ಷದ ಸಿಸ್ಟಂ ತಂದರೂ ಹುಟ್ಟುವುದಿಲ್ಲ. ಕೆರೆಯಲ್ಲಿ ನೀರಿದ್ದರೆ ತಾನೇ ಕಾಲುವೆಯಲ್ಲಿ ಹರಿಯುವುದು?

ನಮ್ಮಲ್ಲಿ ರಾಕ್ ಕೇಳಿ ಬೆಳೆದ, ಈಗ ನಲವತ್ತು ದಾಟಿದ ಬಹುಮಂದಿಗೆ ಈ ಸಂಗೀತ ಮೊದಲು ಸಿಕ್ಕಿದ್ದು ಕ್ಯಾಸೆಟ್ಟಿನಲ್ಲಿ. ಬ್ರಿಗೇಡ್ ರಸ್ತೆಯಿಂದ ಗೆಳೆಯರೊಬ್ಬರು ತಂದ ಕ್ಯಾಸೆಟ್ ಹತ್ತು ಮನೆ ಸುತ್ತುತ್ತಿತ್ತು. ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ನಾನು ಕೇಳಿದ್ದೂ ಹಾಗೆಯೇ. ಆ ಆಲ್ಬಮ್ ಶುರುವಾಗುವುದು ಹೃದಯದ ಬಡಿತದಿಂದ. ನನ್ನ ಕ್ಯಾಸೆಟ್ಟಿನಲ್ಲಿ ಮೊದಲ ಬಡಿತಗಳು ಇರಲೇ ಇಲ್ಲ. ಟೇಪಿನ ಸುಯ್ಯೆನ್ನುವ ಸದ್ದು ಅವನ್ನು ನುಂಗಿಬಿಟ್ಟಿತ್ತು. ವರ್ಷಗಳಾದ ಮೇಲೆ ಒಂದು ರಾತ್ರಿ ಗೆಳೆಯರ ಮನೆಯಲ್ಲಿ ಅದೇ ಆಲ್ಬಮ್ಮನ್ನು ಒಳ್ಳೆಯ ಸಿಸ್ಟಂನಲ್ಲಿ ಕೇಳಿದೆ. ಪೂರ್ತಿ ನಿಶ್ಶಬ್ದದೊಳಗಿಂದ, ಇದೆಯೋ ಇಲ್ಲವೋ ಎಂಬಷ್ಟು ಮೆಲ್ಲಗೆ ಬಡಿತವೊಂದು ಎದ್ದು ಬಂತು. ಅಷ್ಟು ಬಾರಿ ಕೇಳಿದ್ದ ಆಲ್ಬಮ್ಮಿನ ಆರಂಭವನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ.

ಒಂದು ಮುದ್ರಣದಲ್ಲಿ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ಇರುವ ಅಂತರವನ್ನು ತಂತ್ರಜ್ಞರು ಡೈನಾಮಿಕ್ ರೇಂಜ್ ಎನ್ನುತ್ತಾರೆ. ಅಳೆಯುವುದು ಡೆಸಿಬೆಲ್ಲಿನಲ್ಲಿ. ಒಳ್ಳೆಯ ಎಲ್‌ಪಿ ತಟ್ಟೆಯಲ್ಲಿ ಸುಮಾರು 60ರಿಂದ 70 ಡೆಸಿಬೆಲ್ ಅಂತರ ಹಿಡಿಸುತ್ತದೆ. 16 ಬಿಟ್‌ನ ಸಿಡಿಯಲ್ಲಿ ಸುಮಾರು 96. ರಾಕ್ ಸಂಗೀತಕ್ಕೆ ಇವೆರಡೂ ಬೇಕಾದಷ್ಟಾಯಿತು. ಹಾಗಾಗಿ ಎಲ್‌ಪಿ ಮೇಲೋ ಸಿಡಿ ಮೇಲೋ ಎಂಬ ಜಗಳಕ್ಕಿಂತ, ಆ ಜಾಗವನ್ನು ಬಳಸಿಕೊಂಡವರು ಯಾರು, ಹೇಗೆ ಎಂದು ನೋಡುವುದು ಹೆಚ್ಚು ಉಪಯುಕ್ತ.

ಡಾರ್ಕ್ ಸೈಡ್‌ನಿಂದಲೇ ಆರಂಭಿಸೋಣ. 1972ರ ಮಧ್ಯದಿಂದ 1973ರ ಆರಂಭದವರೆಗೆ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ, 16 ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ಅದರ ಧ್ವನಿಮುದ್ರಣ ನಡೆಯಿತು. ಎಂಜಿನಿಯರ್ ಅಲನ್ ಪಾರ್ಸನ್ಸ್‌ಗೆ ಆಗಿನ್ನೂ ಇಪ್ಪತ್ತಮೂರು ಇಪ್ಪತ್ತನಾಲ್ಕರ ಪ್ರಾಯ. ಆರಂಭದ ಆ ಹೃದಯದ ಬಡಿತ, ಮೆತ್ತಗೆ ಮಾಡಿದ ಬಾಸ್ ಡ್ರಮ್ಮಿನಿಂದ ಹುಟ್ಟಿಸಿದ್ದು. ‘ಟೈಮ್’ ಹಾಡಿನ ಮೊದಲಿಗೆ ಒಟ್ಟಿಗೇ ಬಡಿದುಕೊಳ್ಳುವ ಗಡಿಯಾರಗಳನ್ನು ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯೊಂದಕ್ಕೆ ಹೋಗಿ ಒಂದೊಂದಾಗಿ ಮುದ್ರಿಸಿಕೊಂಡು ಬಂದಿದ್ದರು. ಅದು ಬೇರೊಂದು ಕೆಲಸಕ್ಕೆ ಮಾಡಿದ್ದು. ನಾಲ್ಕು ಸ್ಪೀಕರಿನ ಕ್ವಾಡ್ರಫೋನಿಕ್ ಪದ್ಧತಿಯ ಪ್ರಾತ್ಯಕ್ಷಿಕೆಗಾಗಿ ಕೂಡಿಸಿಟ್ಟ ಸದ್ದುಗಳು ಈ ಹಾಡಿಗೆ ಒದಗಿದವು. ಬಿಡಿಬಿಡಿಯಾಗಿ ಮುದ್ರಿಸಿದ್ದರಿಂದಲೇ ಒಳ್ಳೆಯ ಸಿಸ್ಟಂನಲ್ಲಿ ಆ ಗದ್ದಲ ಗೊಂದಲವಾಗುವುದಿಲ್ಲ. ಸಣ್ಣ ಗಂಟೆ ಯಾವುದು, ಗೋಡೆ ಗಡಿಯಾರ ಯಾವುದು ಎಂದು ಬೇರೆ ಬೇರೆ ಗುರುತಿಸಬಹುದು.

‘ಮನಿ’ ಹಾಡು ಇನ್ನೂ ಚೆಂದದ ಉದಾಹರಣೆ. ನಾಣ್ಯದ ಝಣ, ಕಾಗದ ಹರಿದ ಸದ್ದು, ಕ್ಯಾಶ್ ರಿಜಿಸ್ಟರಿನ ಠಣ್ — ಇವುಗಳನ್ನು ಹಿಡಿದಿಟ್ಟ ಟೇಪಿನ ತುಂಡುಗಳನ್ನು ಸ್ಕೇಲಿಟ್ಟು ಅಳೆದು, ಸಮಸಮನಾಗಿ ಕತ್ತರಿಸಿ, ಒಂದಕ್ಕೊಂದು ಅಂಟಿಸಿ ಬಳೆಯಂತೆ ಸುತ್ತಿಸಿದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಲಯ ಕಟ್ಟಿದ್ದು ಕತ್ತರಿ ಮತ್ತು ಅಳತೆಪಟ್ಟಿ. ಆ ಸದ್ದುಗಳು ಏಳರ ಎಣಿಕೆಯಲ್ಲಿ ಸುತ್ತುತ್ತವೆ. ಕಛೇರಿಗಳಲ್ಲಿ ಮಿಶ್ರಛಾಪು ತಾಳ ಹಾಕಿ ಕೂತು ಅಭ್ಯಾಸವಿರುವ ನಮ್ಮವರಿಗೆ ಈ ಏಳು ಬೇಗ ಕೈಗೆ ಸಿಗುತ್ತದೆ. ಗಿಟಾರ್ ಮುಂದೆ ಬಂದಾಗ ಎಣಿಕೆ ನಾಲ್ಕಕ್ಕೆ ತಿರುಗುವುದನ್ನೂ ಗಮನಿಸಿ. ಈ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1988ರ ಹೊತ್ತಿಗೆ ಒಟ್ಟು 741 ವಾರ ಇತ್ತು. ಅಷ್ಟೊಂದು ಮನೆಗಳನ್ನು ಹೊಕ್ಕ ಆಲ್ಬಮ್ಮೇ ಹೈಫೈ ಪರೀಕ್ಷೆಗೂ ಒದಗುವುದು ಅಪರೂಪ.

ಮೆಲು–ಜೋರಿನ ಅಂತರದಷ್ಟೇ ಮುಖ್ಯವಾದ ಇನ್ನೊಂದು ಗುಣವಿದೆ. ಅದು ಸ್ಥಳ. ಎಡ ಬಲ ಎರಡೇ ಸ್ಪೀಕರ್ ಇದ್ದರೂ, ಎರಡರಲ್ಲೂ ಒಂದೇ ಪ್ರಮಾಣದಲ್ಲಿ ಬರುವ ಸದ್ದು ನಟ್ಟನಡುವೆ, ಏನೂ ಇಲ್ಲದ ಗಾಳಿಯಿಂದ ಬಂದಂತೆ ಕೇಳಿಸುತ್ತದೆ. ಒಂದು ಕಡೆ ತುಸು ಹೆಚ್ಚಿಸಿದರೆ ಅದು ಆ ಕಡೆಗೆ ಸರಿಯುತ್ತದೆ. ಜೊತೆಗೆ ಕೋಣೆಯ ಗೋಡೆಗಳಿಂದ ತಿರುಗಿ ಬಂದ ಸಣ್ಣ ಅನುರಣನವೂ ಮುದ್ರಣದಲ್ಲಿದ್ದರೆ, ವಾದ್ಯ ಎಷ್ಟು ಹಿಂದೆ ನಿಂತಿದೆ ಎಂಬುದನ್ನೂ ಕಿವಿ ಅಂದಾಜು ಮಾಡುತ್ತದೆ. ಕಣ್ಣು ಮುಚ್ಚಿ ಕೂತರೆ ಎದುರಿಗೊಂದು ವೇದಿಕೆ ಎದ್ದು ನಿಲ್ಲುತ್ತದೆ. ಹೈಫೈ ಮಂದಿ ಸೌಂಡ್‌ಸ್ಟೇಜ್ ಎನ್ನುವುದು ಇದಕ್ಕೇ.

ಸ್ಥಳವನ್ನು ಹಿಡಿದಿಡುವುದು ಎಂದರೇನು ಎಂದು ತಿಳಿಯಲು ಲೆಡ್ ಜೆಪ್ಪೆಲಿನ್ ತಂಡದ ನಾಲ್ಕನೇ ಆಲ್ಬಮ್ಮಿನ ಕೊನೆಯ ಹಾಡು ‘ವೆನ್ ದ ಲೆವೀ ಬ್ರೇಕ್ಸ್’ ಕೇಳಬೇಕು. 1971ರಲ್ಲಿ ಬಂದ ಆಲ್ಬಮ್ ಅದು. ತಂಡದವರು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನಲ್ಲಿದ್ದ ಹೆಡ್ಲಿ ಗ್ರೇಂಜ್ ಎಂಬ ಹದಿನೆಂಟನೇ ಶತಮಾನದ ಮನೆಗೆ ಹೋಗಿ ಬೀಡುಬಿಟ್ಟಿದ್ದರು. ಹಿಂದೆ ಅದು ನಿರ್ಗತಿಕರನ್ನು ಇರಿಸಿಕೊಳ್ಳುತ್ತಿದ್ದ ಕಟ್ಟಡ. ರೋಲಿಂಗ್ ಸ್ಟೋನ್ಸ್ ತಂಡದವರ ಸಂಚಾರಿ ಸ್ಟುಡಿಯೋ ವಾಹನವನ್ನು ಹೊರಗೆ ನಿಲ್ಲಿಸಿಕೊಂಡಿದ್ದರು. ತಂಡದ ಡ್ರಮ್ ವಾದಕ ಜಾನ್ ಬಾನಮ್ ಅವರ ಡ್ರಮ್ಮುಗಳನ್ನು ಮಹಡಿ ಮೆಟ್ಟಿಲುಗಳ ಬುಡದ ಹಜಾರದಲ್ಲಿ ಹೂಡಿದರು. ರೂಢಿಯಂತೆ ಒಂದೊಂದು ಡ್ರಮ್ಮಿನ ಪಕ್ಕ ಒಂದೊಂದು ಮೈಕ್ ಇಡುವ ಬದಲು, ಎಂಜಿನಿಯರ್ ಆಂಡಿ ಜಾನ್ಸ್ ಮೇಲಿನ ಮೆಟ್ಟಿಲಿನ ಕಡೆಯಿಂದ ಎರಡೇ ಎರಡು ಮೈಕ್ ಇಳಿಬಿಟ್ಟರು. ಬಾನಮ್ ಬಾರಿಸಿದಾಗ ಡ್ರಮ್ಮಿನ ಸದ್ದು ಮೆಟ್ಟಿಲುಗಳನ್ನೇರಿ, ಗೋಡೆಗಳಿಗೆ ಬಡಿದು, ಆ ಎತ್ತರದ ಜಾಗವನ್ನೆಲ್ಲ ತುಂಬಿಕೊಂಡು ಮೈಕಿಗೆ ಬಂತು. ನಾವು ಇಂದು ಆ ಹಾಡಿನಲ್ಲಿ ಕೇಳುವುದು ಡ್ರಮ್ಮಿನ ಜೊತೆಗೆ ಇಡೀ ಮನೆಯನ್ನು. ಅಗ್ಗದ ಸ್ಪೀಕರಿನಲ್ಲಿ ಅದು ಧಪಧಪ ಬಡಿತ. ಒಳ್ಳೆಯದರಲ್ಲಿ ಒಂದೊಂದು ಏಟಿನ ಹಿಂದೆಯೂ ಹಜಾರದ ಎತ್ತರ ಗೊತ್ತಾಗುತ್ತದೆ.

ಫ್ಲೀಟ್‌ವುಡ್ ಮ್ಯಾಕ್ ತಂಡದ ‘ರೂಮರ್ಸ್’ (1977) ಬೇರೆಯೇ ಪಾಠ ಹೇಳುತ್ತದೆ. ಲೋಕದಾದ್ಯಂತ ನಾಲ್ಕು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಲ್ಬಮ್ ಇದು. ಬಹುಪಾಲು ಮುದ್ರಣ ನಡೆದದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ಸಾಸಲಿಟೋದ ರೆಕಾರ್ಡ್ ಪ್ಲಾಂಟ್ ಸ್ಟುಡಿಯೋದಲ್ಲಿ. ತಿಂಗಳುಗಟ್ಟಲೆ ಒಂದರ ಮೇಲೊಂದು ಪದರ ಸೇರಿಸುತ್ತಾ ಹೋದಂತೆ, ಮೊದಲು ಗರಿಗರಿಯಾಗಿದ್ದ ಡ್ರಮ್ಮಿನ ಸದ್ದು ಮಂಕಾಗಿರುವುದು ಎಂಜಿನಿಯರ್ ಕೆನ್ ಕಲೇ ಅವರ ಗಮನಕ್ಕೆ ಬಂತು. ಟೇಪ್ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಹಚ್ಚಿದ ಕಾಂತೀಯ ಪುಡಿ. ಯಂತ್ರದ ಹೆಡ್ಡಿಗೆ ಉಜ್ಜಿ ಉಜ್ಜಿ ಆ ಪುಡಿ ಉದುರುತ್ತದೆ, ಉದುರಿದಂತೆ ಮೊದಲು ಹೋಗುವುದು ಮೇಲಿನ ಸ್ವರಗಳ ಹೊಳಪು. ಸಾವಿರಾರು ಬಾರಿ ಓಡಿದ ಟೇಪ್ ಸವೆದುಹೋಗಿತ್ತು.

ಪುಣ್ಯಕ್ಕೆ, ಮೂಲ ವಾದನ ನಡೆದಾಗ ಇನ್ನೊಂದು ಯಂತ್ರದಲ್ಲೂ ಅದೇ ಹೊತ್ತಿಗೆ ಮುದ್ರಿಸಿದ ಟೇಪ್ ಒಂದು ಸವೆಯದೆ ಉಳಿದಿತ್ತು. ಆದರೆ ಎರಡು ಟೇಪುಗಳನ್ನು ಒಂದೇ ವೇಗದಲ್ಲಿ ಜೋಡಿಸಿ ಓಡಿಸುವ ಸಂಕೇತ ಯಾವುದರಲ್ಲೂ ಇರಲಿಲ್ಲ. ಆಗ ನುರಿತ ತಂತ್ರಜ್ಞರೊಬ್ಬರು ಹೆಡ್‌ಫೋನ್ ಹಾಕಿಕೊಂಡು, ಒಂದು ಕಿವಿಯಲ್ಲಿ ಸವೆದ ಟೇಪಿನ ಡ್ರಮ್, ಇನ್ನೊಂದು ಕಿವಿಯಲ್ಲಿ ಸವೆಯದ ಟೇಪಿನ ಡ್ರಮ್ ಕೇಳುತ್ತಾ, ಯಂತ್ರದ ವೇಗವನ್ನು ಕೈಯಿಂದಲೇ ತುಸು ಏರಿಸಿ ತುಸು ಇಳಿಸಿ ಎರಡನ್ನೂ ಕೂಡಿಸಿದರು. ಹಾಗೆ ಸವೆದ ಡ್ರಮ್ಮುಗಳ ಜಾಗಕ್ಕೆ ಜೀವವಿದ್ದ ಡ್ರಮ್ಮುಗಳು ಬಂದವು. ಕಿವಿಯನ್ನೇ ನಂಬಿ ಮಾಡಿದ ಕೆಲಸ ಇದು. ಸದ್ದು ಮಂಕಾಗಿದೆ ಎಂದು ಗುರುತಿಸಿದ ಆ ಒಂದು ದಿನ ಇಲ್ಲದಿದ್ದರೆ ‘ರೂಮರ್ಸ್’ ಇವತ್ತಿನ ರೂಮರ್ಸ್ ಆಗುತ್ತಿರಲಿಲ್ಲ.

ಅದೇ ಆಲ್ಬಮ್ಮಿನ ‘ಸಾಂಗ್‌ಬರ್ಡ್’ ಹಾಡಿಗೆ ಸ್ಟುಡಿಯೋದ ಸದ್ದು ಸಾಲದು ಎನಿಸಿತು. ಬರ್ಕ್ಲಿಯ ಝೆಲ್ಲರ್‌ಬಾಕ್ ಸಭಾಂಗಣವನ್ನು ಹಿಡಿದು, ಖಾಲಿ ಕುರ್ಚಿಗಳ ಎದುರು ತಂಡದ ಗಾಯಕಿ ಕ್ರಿಸ್ಟೀನ್ ಮೆಕ್‌ವೀ ಅವರನ್ನು ಪಿಯಾನೋ ಮುಂದೆ ಕೂರಿಸಿ ಹಾಡಿಸಿದರು. ಪಿಯಾನೋದ ಸ್ವರ ಮುಗಿದ ಮೇಲೂ ಗಾಳಿಯಲ್ಲಿ ಉಳಿಯುವ ಸಣ್ಣ ಜಾಡೇ ಆ ಹಾಡಿನ ಅರ್ಧ ಸೊಗಸು. ಬಸ್ಸಿನಲ್ಲಿ ಫೋನಿನಲ್ಲಿ ಕೇಳಿದರೆ ಆ ಜಾಡು ಸಿಗುವುದಿಲ್ಲ. ರಾತ್ರಿ ಬೀದಿ ತಣ್ಣಗಾದ ಮೇಲೆ ಮನೆಯಲ್ಲಿ ಕೇಳಿದರೆ ಇಡೀ ಸಭಾಂಗಣ ನಿಮ್ಮ ಕೋಣೆಯೊಳಕ್ಕೆ ಬರುತ್ತದೆ.

ಅದೇ 1977ರಲ್ಲಿ ಬಂದ ‘ಏಜಾ’ ಹೈಫೈ ಲೋಕದ ಅಳತೆಗೋಲು. ಸ್ಟೀಲಿ ಡ್ಯಾನ್ ಎಂಬ ಹೆಸರಿನ ಹಿಂದಿದ್ದವರು ಡೊನಾಲ್ಡ್ ಫೇಗನ್ ಮತ್ತು ವಾಲ್ಟರ್ ಬೆಕರ್. ಇದಕ್ಕೆ ಎರಡು ವರ್ಷ ಹಿಂದೆ, ‘ಕೇಟಿ ಲೈಡ್’ ಆಲ್ಬಮ್ ಮಾಡುವಾಗ, ಟೇಪಿನ ಸುಯ್ಯೆನ್ನುವ ಸದ್ದು ಅಡಗಿಸಬೇಕಿದ್ದ ಉಪಕರಣವೇ ಕೈಕೊಟ್ಟು ಅವರ ಸಂಗೀತದ ಸದ್ದು ಕೆಟ್ಟಿತ್ತು. ಹೊರಬಂದ ಆಲ್ಬಮ್ಮನ್ನು ಅವರು ಕೇಳಲೂ ಒಪ್ಪಲಿಲ್ಲ. ಆ ಗಾಯದ ನೆನಪಿದ್ದವರು ‘ಏಜಾ’ದಲ್ಲಿ ಏನನ್ನೂ ಅದೃಷ್ಟಕ್ಕೆ ಬಿಡಲಿಲ್ಲ. ‘ಪೆಗ್’ ಹಾಡಿನ ಗಿಟಾರ್ ಸೋಲೋಗೆ ಹೆಸರಾಂತ ವಾದಕರನ್ನು ಒಬ್ಬರಾದ ಮೇಲೊಬ್ಬರಂತೆ ಕರೆಸಿ, ಮುದ್ರಿಸಿ, ಪಕ್ಕಕ್ಕಿಟ್ಟು, ಕಡೆಗೆ ಜೇ ಗ್ರೇಡನ್ ನುಡಿಸಿದ್ದನ್ನು ಉಳಿಸಿಕೊಂಡರು. ಎಂಟು ನಿಮಿಷದ ಶೀರ್ಷಿಕೆ ಹಾಡಿಗೆ ಡ್ರಮ್ ನುಡಿಸಿದ್ದು ಸ್ಟೀವ್ ಗ್ಯಾಡ್, ಸ್ಯಾಕ್ಸೊಫೋನ್ ಜಾಸ್ ದಿಗ್ಗಜ ವೇನ್ ಶಾರ್ಟರ್.

ಕೇಳುವಾಗ ನನಗೆ ಅಚ್ಚರಿಯಾಗುವುದು ಅದರ ಖಾಲಿತನ. ಇಷ್ಟೊಂದು ವಾದ್ಯಗಳಿದ್ದರೂ ಒಂದರ ಮೇಲೊಂದು ಬೀಳುವುದಿಲ್ಲ. ‘ಹೋಮ್ ಅಟ್ ಲಾಸ್ಟ್’ ಹಾಡಿನಲ್ಲಿ ಬರ್ನಾರ್ಡ್ ಪರ್ಡಿ ಡ್ರಮ್ ನುಡಿಸುವ ರೀತಿ ಕೇಳಿ. ಮುಖ್ಯ ಏಟುಗಳ ನಡುವೆ ಸ್ನೇರ್ ಡ್ರಮ್ಮನ್ನು ಮುಟ್ಟಿಯೂ ಮುಟ್ಟದಂತೆ ತಟ್ಟುವ ಸಣ್ಣ ಸಣ್ಣ ಬಡಿತಗಳಿವೆ. ಒಳ್ಳೆಯ ಮೃದಂಗ ವಾದಕರು ಮೆಲ್ಲಗೆ ನುಡಿಸುವ ಸೊಲ್ಲುಗಳಂತೆ, ಅವು ಕೇಳದಿದ್ದರೆ ಲಯ ಇರುತ್ತದೆ, ನಡೆಯ ಸೊಗಸು ಇರುವುದಿಲ್ಲ. ‘ಏಜಾ’ಕ್ಕೆ ಧ್ವನಿಮುದ್ರಣದ ಗ್ರ್ಯಾಮಿ ಸಿಕ್ಕಿತು. ಅದನ್ನು ಪಡೆದ ನಾಲ್ವರು ಎಂಜಿನಿಯರುಗಳಲ್ಲಿ ರೋಜರ್ ನಿಕಲ್ಸ್ ಮೊದಲು ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿದ್ದವರು. ಇನ್ನೊಬ್ಬರು ಎಲಿಯಟ್ ಶೈನರ್. ಹದಿನೇಳು ವರ್ಷದ ನಂತರ, ಅಂಗಡಿಗಳಲ್ಲಿ ಇಂದಿಗೂ ಮೊಳಗುವ ಆ ಈಗಲ್ಸ್ ಲೈವ್ ಹಾಡಿನ ಸದ್ದಿನ ಹಿಂದೆಯೂ ಇವರ ಕಿವಿ ಇತ್ತು. ಒಂದೇ ಕೈಗುಣ ಎರಡು ಕಡೆ ಕೇಳಿಸುವುದು ಆಕಸ್ಮಿಕವಲ್ಲ.

ಟೇಪಿನ ಕಾಲ ಮುಗಿದು ಡಿಜಿಟಲ್ ಬಂದಾಗ ಈ ಗುಣ ಕಳೆದುಹೋಯಿತೆ? ಡೈರ್ ಸ್ಟ್ರೇಟ್ಸ್ ತಂಡದ ‘ಬ್ರದರ್ಸ್ ಇನ್ ಆರ್ಮ್ಸ್’ (1985) ಇಲ್ಲ ಎನ್ನುತ್ತದೆ. ಕೆರಿಬಿಯನ್ ಸಮುದ್ರದ ಮಾಂಟ್‌ಸೆರಾಟ್ ದ್ವೀಪದಲ್ಲಿ ಸಂಗೀತ ನಿರ್ಮಾಪಕ ಜಾರ್ಜ್ ಮಾರ್ಟಿನ್ ಕಟ್ಟಿಸಿದ್ದ ಏರ್ ಸ್ಟುಡಿಯೋದಲ್ಲಿ, ಸೋನಿಯ 24 ಟ್ರ್ಯಾಕಿನ ಡಿಜಿಟಲ್ ಟೇಪ್ ಯಂತ್ರದಲ್ಲಿ ಇದನ್ನು ಮುದ್ರಿಸಿದರು. ಸಿಡಿ ರೂಪದಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಆಲ್ಬಮ್ ಇದೇ. ‘ಮನಿ ಫಾರ್ ನಥಿಂಗ್’ ಹಾಡಿನ ಆ ಗೊಗ್ಗರು ಗಿಟಾರ್ ಸದ್ದು ಹುಟ್ಟಿದ್ದು ಯೋಜನೆಯಿಂದಲ್ಲ. ಮೈಕುಗಳಿನ್ನೂ ಸರಿಯಾದ ಜಾಗಕ್ಕೆ ಬಂದಿರಲಿಲ್ಲ, ಒಂದು ನೆಲದ ಕಡೆ ಮುಖ ಮಾಡಿತ್ತು. ತಂಡದ ಗಿಟಾರ್ ವಾದಕ ಮಾರ್ಕ್ ನಾಫ್ಲರ್ ತಂತಿ ಮೀಟಿದರು. ಕೇಳಿದ ಸದ್ದೇ ಬೇಕಾದ ಸದ್ದಾಗಿತ್ತು. ಎಂಜಿನಿಯರ್ ನೀಲ್ ಡಾರ್ಫ್ಸ್‌ಮನ್ ಯಾವ ಮೈಕನ್ನೂ ಅಲುಗಿಸದೆ ಹಾಗೆಯೇ ಮುದ್ರಿಸಿಕೊಂಡರು. ಸದ್ದು ಚೆನ್ನಾಗಿದ್ದಾಗ ಕೈ ಕಟ್ಟಿ ಕೂರುವುದೂ ಎಂಜಿನಿಯರಿನ ಕೆಲಸವೇ. ಈ ಆಲ್ಬಮ್ಮಿನ ಸಿಡಿ ಸುಮಾರು 55 ನಿಮಿಷದ್ದು. ಎಲ್‌ಪಿಯಲ್ಲಿ ಅಷ್ಟು ಹಿಡಿಸದೆ ಕೆಲವು ಹಾಡುಗಳನ್ನು ಮೊಟಕು ಮಾಡಿದ್ದರು. ಹಾಗಾಗಿ ಇದರ ಮಟ್ಟಿಗೆ ಪೂರ್ಣ ರೂಪ ಸಿಡಿಯದೇ.

ಮೆಲುದನಿಯನ್ನೇ ಆಲ್ಬಮ್ಮಿನ ಜೀವವಾಗಿಸಿದ್ದು ಟಾಕ್ ಟಾಕ್ ತಂಡದ ‘ಸ್ಪಿರಿಟ್ ಆಫ್ ಈಡನ್’ (1988). ಲಂಡನ್ನಿನ ವೆಸೆಕ್ಸ್ ಸ್ಟುಡಿಯೋದಲ್ಲಿ ದೀಪ ಆರಿಸಿ, ಕತ್ತಲಲ್ಲಿ ವಾದಕರನ್ನು ಕೂರಿಸಿ, ಮನಸ್ಸಿಗೆ ಬಂದದ್ದನ್ನು ನುಡಿಸಲು ಹೇಳುತ್ತಿದ್ದರು. ಗಂಟೆಗಟ್ಟಲೆ ನುಡಿಸಿದ್ದರಲ್ಲಿ ಉಳಿಸಿಕೊಂಡದ್ದು ಕೆಲವೇ ಕ್ಷಣ, ಉಳಿದದ್ದನ್ನೆಲ್ಲ ಅಳಿಸಿದರು. ಎಂಜಿನಿಯರ್ ಫಿಲ್ ಬ್ರೌನ್ ಮೈಕುಗಳನ್ನು ದೂರವಿಟ್ಟು ಕೋಣೆಯ ಗಾಳಿಯನ್ನೂ ಒಳಗೆ ಬಿಟ್ಟುಕೊಂಡರು. ಮೊದಲ ಹಾಡು ಎಷ್ಟು ಮೆಲ್ಲಗೆ ತೆರೆಯುತ್ತದೆಂದರೆ ಸಿಸ್ಟಂ ಓಡುತ್ತಿದೆಯೇ ಎಂದು ನೋಡುವಂತಾಗುತ್ತದೆ. ಆಮೇಲೆ ಹಾರ್ಮೋನಿಕಾ ಚೀರಿಕೊಂಡು ಬಂದಾಗ ಮೈ ಜುಮ್ಮೆನ್ನುತ್ತದೆ. ಹಾಡುಗಾರ ಮಾರ್ಕ್ ಹಾಲಿಸ್ 2019ರಲ್ಲಿ ತೀರಿಕೊಂಡರು. ನಿಶ್ಶಬ್ದದ ಬೆಲೆ ಅವರಷ್ಟು ತಿಳಿದಿದ್ದ ರಾಕ್ ಸಂಗೀತಗಾರರು ವಿರಳ.

ಪಟ್ಟಿ ಇಲ್ಲಿಗೇ ನಿಲ್ಲುವುದಿಲ್ಲ. ಕೆನ್ ಸ್ಕಾಟ್ ಸದ್ದು ಕಟ್ಟಿದ ಸೂಪರ್‌ಟ್ರ್ಯಾಂಪ್‌ನ ‘ಕ್ರೈಮ್ ಆಫ್ ದ ಸೆಂಚುರಿ’ (1974), ಬಾಬ್ ಕ್ಲಿಯರ್‌ಮೌಂಟನ್ ಮಿಕ್ಸ್ ಮಾಡಿದ ರಾಕ್ಸಿ ಮ್ಯೂಸಿಕ್‌ನ ‘ಅವಲಾನ್’ (1982), ಪೂರ್ತಿ ಡಿಜಿಟಲ್ಲಿನಲ್ಲಿ ಮುದ್ರಿಸಿದ ಡೊನಾಲ್ಡ್ ಫೇಗನ್‌ರ ‘ದ ನೈಟ್‌ಫ್ಲೈ’ (1982), ಪೀಟರ್ ಗೇಬ್ರಿಯಲ್‌ರ ‘ಸೋ’ (1986) — ಇವೆಲ್ಲ ಹುಡುಕಿ ಕೇಳಬೇಕಾದವು. ಹೊಸ ಕಾಲದಲ್ಲಿ ಸ್ಟೀವನ್ ವಿಲ್ಸನ್ 2013ರ ‘ದ ರೇವನ್ ದಟ್ ರೆಫ್ಯೂಸ್ಡ್ ಟು ಸಿಂಗ್’ ಆಲ್ಬಮ್ಮಿಗೆ ಎಂಜಿನಿಯರ್ ಆಗಿ ಕರೆದದ್ದು ಡಾರ್ಕ್ ಸೈಡ್‌ನ ಅದೇ ಅಲನ್ ಪಾರ್ಸನ್ಸ್‌ರನ್ನು. ನಲವತ್ತು ವರ್ಷದ ಆ ಕೊಂಡಿಯೇ ಒಂದು ಗೌರವ.

ಈ ಕೊಂಡಿ ನಡುವೆ ತುಂಡಾಗಿದ್ದೂ ಉಂಟು. ಡಿಜಿಟಲ್ ಸದ್ದಿಗೆ ಒಂದು ಸೂರು ಇದೆ, ಅದನ್ನು ದಾಟಿ ಮೇಲೆ ಹೋಗುವಂತಿಲ್ಲ. ಆದರೆ ರೇಡಿಯೋದಲ್ಲಿ, ಅಂಗಡಿಯಲ್ಲಿ, ಪಕ್ಕದ ಹಾಡಿಗಿಂತ ತಮ್ಮ ಹಾಡು ಜೋರಾಗಿರಬೇಕು ಎಂಬ ಪೈಪೋಟಿ ತೊಂಬತ್ತರ ದಶಕದಲ್ಲಿ ವಿಪರೀತವಾಯಿತು. ಸೂರು ಏರಿಸಲು ಆಗದವರು ನೆಲವನ್ನೇ ಏರಿಸಿದರು. ಜೋರಿನ ಏಟುಗಳ ತಲೆ ಸವರಿ, ಮೆಲ್ಲನೆಯದನ್ನೆಲ್ಲ ಮೇಲಕ್ಕೆತ್ತಿ ಒಂದೇ ಮಟ್ಟ ಮಾಡಿದರು. ಸಂಗೀತಕ್ಕೆ ಎದ್ದು ನಿಲ್ಲಲೂ ಜಾಗವಿಲ್ಲದಾಯಿತು. ಇದಕ್ಕೆ ಲೌಡ್‌ನೆಸ್ ವಾರ್, ಅಂದರೆ ಜೋರಿನ ಸಮರ ಎಂದೇ ಹೆಸರು. 2008ರಲ್ಲಿ ಬಂದ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಇದರ ಕುಖ್ಯಾತ ಉದಾಹರಣೆ. ‘ಗಿಟಾರ್ ಹೀರೋ’ ಎಂಬ ವಿಡಿಯೊ ಗೇಮಿನಲ್ಲಿದ್ದ ಅದೇ ಹಾಡುಗಳು ಸಿಡಿಗಿಂತ ಚೆನ್ನಾಗಿ ಕೇಳಿಸುತ್ತವೆ ಎಂದು ಅಭಿಮಾನಿಗಳೇ ಪತ್ತೆ ಹಚ್ಚಿದರು. ಮತ್ತೆ ಮಿಕ್ಸ್ ಮಾಡಿಕೊಡಿ ಎಂದು ಸಾವಿರಾರು ಮಂದಿ ಸಹಿ ಹಾಕಿ ಕೇಳಿದರು. ಈಗ ಸ್ಪಾಟಿಫೈ, ಯೂಟ್ಯೂಬ್‌ನಂಥವು ತೀರಾ ಜೋರಿನ ಹಾಡುಗಳನ್ನು ತಾವೇ ತಗ್ಗಿಸಿ ನುಡಿಸುತ್ತವೆ. ಪೈಪೋಟಿಗೆ ಅರ್ಥ ಉಳಿದಿಲ್ಲ. ಆದರೆ ಸವರಿದ ತಲೆ ಮತ್ತೆ ಚಿಗುರುವುದಿಲ್ಲ.

ಆದ್ದರಿಂದಲೇ ಯಾವ ಆಲ್ಬಮ್ ಎಂಬ ಪ್ರಶ್ನೆಯ ಜೊತೆ ಯಾವ ಆವೃತ್ತಿ ಎಂದೂ ಕೇಳಬೇಕು. ಸ್ಟುಡಿಯೋದಲ್ಲಿ ಮಿಕ್ಸ್ ಆದ ಮೇಲೆ ತಟ್ಟೆಗೋ ಸಿಡಿಗೋ ಇಳಿಸುವ ಮುನ್ನ ನಡೆಯುವ ಕೊನೆಯ ಹಂತ ಮಾಸ್ಟರಿಂಗ್. ಹಾಡು ಬದಲಾಗದೆ, ಇಲ್ಲೇ ಸದ್ದು ಬದಲಾಗಬಹುದು. 1969ರಲ್ಲಿ ‘ಲೆಡ್ ಜೆಪ್ಪೆಲಿನ್ 2’ ತಟ್ಟೆಯನ್ನು ಮಾಸ್ಟರಿಂಗ್ ಎಂಜಿನಿಯರ್ ಬಾಬ್ ಲುಡ್ವಿಗ್ ಎಷ್ಟು ಕಸುವಿನಿಂದ ಕೆತ್ತಿದರೆಂದರೆ, ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ಹಾರತೊಡಗಿತು. ಕಂಪನಿ ಅದನ್ನು ಕೈಬಿಟ್ಟು ತಗ್ಗಿದ ಮಟ್ಟದಲ್ಲಿ ಮತ್ತೆ ಕೆತ್ತಿಸಿತು. ಆ ಮೊದಲ ತಟ್ಟೆಯ ಒಳ ಅಂಚಿನಲ್ಲಿ ಲುಡ್ವಿಗ್ ಗೀಚಿದ ಇನಿಷಿಯಲ್ ಹುಡುಕಿಕೊಂಡು ಸಂಗ್ರಹಕಾರರು ಇಂದಿಗೂ ಅಲೆಯುತ್ತಾರೆ.

ನನ್ನ ಅನುಭವವೂ ಒಂದಿದೆ. ಬಹಳ ಇಷ್ಟದ ಆಲ್ಬಮ್ಮೊಂದರ ಹಳೆಯ ಸಿಡಿ ನನ್ನಲ್ಲಿತ್ತು. ‘ರೀಮಾಸ್ಟರ್ಡ್’ ಎಂದು ಚಿನ್ನದ ಅಕ್ಷರದಲ್ಲಿ ಅಚ್ಚಾದ ಹೊಸದು ಬಂದಾಗ ಅದನ್ನೂ ತಂದೆ. ಮೊದಲ ಹತ್ತು ನಿಮಿಷ ಹೊಸದೇ ಮೇಲು ಅನ್ನಿಸಿತು. ಅರ್ಧ ಗಂಟೆಯಾಗುವಷ್ಟರಲ್ಲಿ ಕಿವಿ ದಣಿದು ಸಂಗೀತ ಬೇಡವಾಯಿತು. ಮಾರನೇ ದಿನ ಹೊಸದರ ವಾಲ್ಯೂಮ್ ತಗ್ಗಿಸಿ, ಎರಡೂ ಒಂದೇ ಜೋರಿಗೆ ಬರುವಂತೆ ಹೊಂದಿಸಿ ಕೇಳಿದೆ. ಹಳೆಯದರಲ್ಲಿ ಡ್ರಮ್ ಎದ್ದು ಬರುತ್ತಿತ್ತು. ಹೊಸದರಲ್ಲಿ ಅದು ಗಿಟಾರುಗಳ ಗೋಡೆಯೊಳಗೆ ಹೂತುಹೋಗಿತ್ತು. ಮನುಷ್ಯನ ಕಿವಿ ತುಸು ಜೋರಾಗಿದ್ದದ್ದನ್ನೇ ಮೇಲೆಂದು ಭಾವಿಸುತ್ತದೆ. ಆದ್ದರಿಂದ ಯಾವ ಎರಡನ್ನು ಹೋಲಿಸುವುದಿದ್ದರೂ, ಸ್ಪೀಕರ್ ಆಗಲಿ ಸಿಡಿ ಆಗಲಿ, ಮೊದಲು ಜೋರನ್ನು ಸಮ ಮಾಡಿಕೊಳ್ಳಿ.

ಕೇಳುವ ಜಾಗಕ್ಕೂ ಇಷ್ಟೇ ಗಮನ ಕೊಡಬೇಕು. ನಮ್ಮ ಮನೆಗಳಲ್ಲಿ ಗ್ರಾನೈಟ್ ಅಥವಾ ಟೈಲ್ಸ್ ನೆಲ, ಬರಿ ಗೋಡೆ. ಸದ್ದು ಅಲ್ಲಿಂದಿಲ್ಲಿಗೆ ಪುಟಿದು ಕಲಸಿಹೋಗುತ್ತದೆ. ನೆಲಕ್ಕೊಂದು ದಪ್ಪ ಜಮಖಾನೆ, ಕಿಟಕಿಗೆ ಭಾರದ ಪರದೆ, ಗೋಡೆಗೆ ಪುಸ್ತಕದ ಕಪಾಟು — ಇಷ್ಟೇ ಸಾಕು, ಅರ್ಧ ದಾರಿ ಸಾಗಿದಂತೆ. ಎರಡು ಸ್ಪೀಕರ್ ಮತ್ತು ನೀವು ಕೂರುವ ಕುರ್ಚಿ ಸಮಬಾಹು ತ್ರಿಕೋನವಾಗಲಿ. ಸ್ಪೀಕರಿನ ಸಣ್ಣ ಬಾಯಿ, ಅಂದರೆ ಟ್ವೀಟರ್, ಕಿವಿಯ ಎತ್ತರಕ್ಕಿರಲಿ. ಮೂಲೆಗೆ ಒತ್ತರಿಸಿದರೆ ಬಾಸ್ ಗುಂಯ್ಗುಡುತ್ತದೆ, ಗೋಡೆಯಿಂದ ಒಂದೆರಡು ಅಡಿ ಮುಂದಕ್ಕೆ ತನ್ನಿ. ಮೆಲ್ಲಗೆ ಕೇಳುವಾಗ ಬಾಸ್ ಕಡಿಮೆಯಾದಂತೆ ಅನ್ನಿಸುವುದು ಸಿಸ್ಟಂನ ದೋಷವಲ್ಲ. ತಗ್ಗಿದ ಸದ್ದಿನಲ್ಲಿ ಕಿವಿಯೇ ಬಾಸನ್ನು ಕಡಿಮೆ ಕೇಳುತ್ತದೆ ಎಂದು ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದ್ದಾರೆ. ಈ ಬದಲಾವಣೆಗಳಿಗೆ ತಗಲುವ ಖರ್ಚು ಹೊಸ ಆಂಪ್ಲಿಫೈಯರಿನ ಬೆಲೆಯ ಮುಂದೆ ಏನೂ ಅಲ್ಲ.

ಮುಂದಿನ ಸಲ ಸ್ಪೀಕರ್ ಕೊಳ್ಳಲು ಹೋದಾಗ ಆ ಡ್ರಮ್ಮಿನ ಏಟನ್ನು ಖಂಡಿತ ಕೇಳಿ, ಅದು ಕೇಳುವಂಥದ್ದೇ. ಆಮೇಲೆ ಡಾರ್ಕ್ ಸೈಡ್‌ನ ಕೊನೆಯ ಹಾಡು ಹಾಕಿಸಿ. ಎಲ್ಲ ವಾದ್ಯ, ಎಲ್ಲ ಕಂಠ ಮುಗಿದ ಮೇಲೆ ಮತ್ತೆ ಅದೇ ಹೃದಯದ ಬಡಿತ ಉಳಿಯುತ್ತದೆ, ಮೆಲ್ಲಮೆಲ್ಲಗೆ ದೂರವಾಗುತ್ತಾ ಹೋಗುತ್ತದೆ. ಆಗ ಮಾತಾಡದೆ ಕೂತು ಬಡಿತಗಳನ್ನು ಎಣಿಸಿ. ಮನೆಗೆ ಬಂದು ರಾತ್ರಿ ಹೊತ್ತು ಮತ್ತೆ ಎಣಿಸಿ. ಎಣಿಕೆಗೆ ಇನ್ನೂ ಎರಡು ಬಡಿತ ಹೆಚ್ಚು ಸಿಕ್ಕಿದರೆ ನಿಮ್ಮ ಸಿಸ್ಟಂ ಒಳ್ಳೆಯದಿದೆ, ಕೋಣೆ ಒಳ್ಳೆಯದಿದೆ, ಬೀದಿ ಮಲಗಿದೆ. ಆಬಿ ರೋಡಿನಲ್ಲಿ ಐವತ್ತು ವರ್ಷದ ಹಿಂದೆ ಯಾರೋ ಆ ಬಡಿತಗಳನ್ನು ಅಷ್ಟು ಮೆಲ್ಲಗೆ ಉಳಿಸಿದ್ದು, ಅಷ್ಟು ಗಮನ ಕೊಟ್ಟು ಕೇಳುವವರು ಎಲ್ಲೋ ಇರುತ್ತಾರೆ ಎಂಬ ನಂಬಿಕೆಯಿಂದ.